ಉಪ್ಪಿನ ಭರಣಿ ಬೆವರುವಾಗ ಬಾತ್ ಬಾಂಬ್ ಮಾಡಬಹುದಾ?

ಪ್ರಶ್ನೆ: ನಮ್ಮ ಮನೆ ಉಡುಪಿಯ ಹತ್ತಿರ. ಅಕ್ಕನ ಮಗಳ ಸೀಮಂತಕ್ಕೆ ಬರುವವರಿಗೆ ಕೊಡೋಣ ಅಂತ ಬಾತ್ ಬಾಂಬ್, ಅಂದರೆ ಸ್ನಾನದ ನೀರಿಗೆ ಹಾಕಿದರೆ ನೊರೆಯೆದ್ದು ಕರಗುವ ಪರಿಮಳದ ಉಂಡೆ, ಮಾಡಲು ಹೊರಟೆ. ಎರಡು ಕಪ್ ಅಡುಗೆ ಸೋಡಾ, ಒಂದು ಕಪ್ ನಿಂಬೆ ಉಪ್ಪು, ಒಂದು ಕಪ್ ಕಾರ್ನ್‌ಫ್ಲೋರ್, ಒಂದು ಕಪ್ ಎಪ್ಸಮ್ ಸಾಲ್ಟ್ (ಕಾಲು ನೆನೆಸುವ ನೀರಿಗೆ ಹಾಕುವ ಉಪ್ಪು). ಕಲಸಲು ಗುಲಾಬಿ ನೀರು, ತೆಂಗಿನೆಣ್ಣೆ. ಮೊದಲ ಸಲದ ಉಂಡೆಗಳು ಬೆಳಗಾಗುವಷ್ಟರಲ್ಲಿ ಉಬ್ಬಿ ಹೂಕೋಸಿನ ಹಾಗಾದವು. ಎರಡನೇ ಸಲ ಗುಲಾಬಿ ನೀರು ಕಡಿಮೆ ಮಾಡಿದೆ. ಸಿಲಿಕಾನ್ ಅಚ್ಚಿನಿಂದ ತೆಗೆಯುವಾಗಲೇ ಪುಡಿಯಾಯಿತು. ಮಲ್ಲಿಗೆ ಎಣ್ಣೆ ಹಾಕಿದ್ದೆ, ಪರಿಮಳವೇ ಇಲ್ಲ. ನಮ್ಮಲ್ಲಿ ಟಬ್ ಕೂಡ ಇಲ್ಲ, ಬಕೆಟ್ ಸ್ನಾನ. ಎಲ್ಲಿ ತಪ್ಪಿದೆ? ಚೆನ್ನಾಗಿ ಬಂದರೆ ಮಾರಬಹುದಾ?

ಉತ್ತರ: ಹೂಕೋಸು ಅಂದದ್ದು ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಆ ಬೆಳೆ ತೆಗೆದವಳೇ. ನನ್ನ ಊರು ಕುಂದಾಪುರದ ಕಡೆ. ಈಗ ಬೆಂಗಳೂರಿನಲ್ಲಿದ್ದು ಸೋಪು, ಬಾತ್ ಬಾಂಬ್ ಮಾಡುವುದನ್ನು ಕಲಿಸುತ್ತೇನೆ. ಇಲ್ಲಿ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿ ಕಲಸಿದರೂ ಸರಿ ಬರುತ್ತಿದ್ದ ಅಳತೆಯನ್ನು ಒಂದು ಆಷಾಢದಲ್ಲಿ ಊರಿಗೆ ಹೋದಾಗ ಅಮ್ಮನ ಅಡುಗೆಮನೆಯಲ್ಲಿ ಮಾಡಿದೆ. ಒಂದೇ ಒಂದು ಉಂಡೆ ಉಳಿಯಲಿಲ್ಲ. ಸೋಡಾ ಅದೇ, ಅಳತೆ ಅದೇ, ಕೈಯೂ ಅದೇ. ಬದಲಾದದ್ದು ಗಾಳಿ ಮಾತ್ರ.

ಅಮ್ಮ ನೋಡಿ ಹೇಳಿದ್ದು ಇಷ್ಟೇ: "ಉಪ್ಪಿನ ಭರಣಿ ನೋಡಿದ್ಯಾ?" ನೋಡಿದೆ. ಕಲ್ಲುಪ್ಪು ನೀರು ಬಿಟ್ಟು ತಳದಲ್ಲಿ ನಿಂತಿತ್ತು. ಅವತ್ತಿನಿಂದ ನನಗೆ ಅದೇ ತೇವಮಾಪಕ. ಕಲ್ಲುಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಂಡು ಕರಗುತ್ತದೆ. ಉಪ್ಪು ಬೆವರುತ್ತಿದೆ ಅಂದರೆ ನಿಮ್ಮ ನಿಂಬೆ ಉಪ್ಪಿನ ಮೇಲೂ ಅದೇ ಗಾಳಿ ಬೀಸುತ್ತಿದೆ ಅಂತ ಅರ್ಥ.

ಈಗ ಹೂಕೋಸು ಹೇಗಾಯಿತು ನೋಡೋಣ. ಬಾತ್ ಬಾಂಬ್ ಒಳಗೆ ನಡೆಯುವುದು ಈನೋ ಲೋಟದಲ್ಲಿ ನಡೆಯುವುದೇ. ಈನೋ ಪೊಟ್ಟಣ ತಿರುಗಿಸಿ ಓದಿ. ಸ್ವರ್ಜಿಕ್ಷಾರ, ನಿಂಬುಕಾಮ್ಲ ಅಂತ ಇರುತ್ತದೆ. ಮೊದಲನೆಯದು ಅಡುಗೆ ಸೋಡಾ, ಎರಡನೆಯದು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಒಣಗಿದ್ದಾಗ ಎರಡೂ ಪಕ್ಕಪಕ್ಕ ಸುಮ್ನೆ ಕೂತಿರುತ್ತವೆ. ನೀರು ತಾಗಿದರೆ ಸೇರಿಕೊಂಡು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ. ಬುಸ್ ಅನ್ನುವುದು ಅದೇ.

ಅನಿಲ ಬರುವುದು ಎಲ್ಲರಿಗೂ ಗೊತ್ತು. ಜೊತೆಗೆ ಹೊಸ ನೀರೂ ಹುಟ್ಟುತ್ತದೆ ಅನ್ನುವುದನ್ನು ಜಾಸ್ತಿ ಜನ ಗಮನಿಸುವುದಿಲ್ಲ. 84 ಗ್ರಾಂ ಸೋಡಾ ಹುಳಿಯ ಜೊತೆ ಸೇರಿ ಮುಗಿದರೆ 18 ಗ್ರಾಂ ನೀರು ಬರುತ್ತದೆ. ಆ ನೀರು ಪಕ್ಕದ ಸೋಡಾಕ್ಕೆ ತಾಗುತ್ತದೆ, ಅಲ್ಲಿ ಇನ್ನಷ್ಟು ನೀರು. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಚಮಚ ಸಾಕು, ಮಿಕ್ಕಿದ್ದು ರಾತ್ರಿಯೆಲ್ಲ ತಾನಾಗಿ ನಡೆಯುತ್ತದೆ. ಒಣ ಹವೆಯಲ್ಲಿ ಆ ನೀರು ಆರಿಹೋಗಿ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ನಿಮ್ಮಲ್ಲಿ ಆರಲು ಜಾಗವೇ ಇಲ್ಲ, ಗಾಳಿ ಆಗಲೇ ತುಂಬಿದೆ. ಗುಲಾಬಿ ನೀರು ಅಂದರೂ ನೀರೇ ಅಲ್ವಾ?

ಎಪ್ಸಮ್ ಸಾಲ್ಟ್ ಬಗ್ಗೆಯೂ ಹೇಳಬೇಕು. ನೋಡಲು ಒಣ ಹರಳು. ಆದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿಯೇ ಹರಳಿನೊಳಗೆ ಕಟ್ಟಿಕೊಂಡ ನೀರು. ಬಾಣಲೆಯಲ್ಲಿ ಬಿಸಿ ಮಾಡಿ ನೋಡಿ, ತನ್ನ ನೀರಲ್ಲಿ ತಾನೇ ಕರಗುತ್ತದೆ. ಕಾಲು ನೆನೆಸಲು ಬೇಕಾದರೆ ಬೇರೆಯಾಗಿ ಹಾಕಿಕೊಳ್ಳಿ, ಮಳೆಗಾಲದ ಉಂಡೆಯಲ್ಲಿ ಬೇಡ. ನಿಂಬೆ ಉಪ್ಪಿನಲ್ಲೂ ಎರಡು ಬಗೆ ಇದೆ. ಒಂದರ ಹರಳಿನಲ್ಲಿ ನೂರಕ್ಕೆ 8ರಿಂದ 9 ಪಾಲು ನೀರು, ಚೀಟಿಯ ಮೇಲೆ ಮೋನೋಹೈಡ್ರೇಟ್ ಅಂತ ಇರುತ್ತದೆ. ಇನ್ನೊಂದು ಅನ್‌ಹೈಡ್ರಸ್, ಅದರಲ್ಲಿ ನೀರಿಲ್ಲ. ಎರಡನೆಯದನ್ನೇ ತನ್ನಿ. ಅಂಗಡಿಯಲ್ಲಿ ಚೀಟಿಯಿಲ್ಲದೆ ಬಿಡಿಯಾಗಿ ಕೊಡುವುದು ಯಾವುದೋ ಯಾರಿಗೆ ಗೊತ್ತು.

ಎರಡನೇ ಸಲ ಪುಡಿಯಾದದ್ದಕ್ಕೆ ಕಾರಣ ಬೇರೆ. ನೀರು ಕಡಿಮೆ ಮಾಡಿದಿರಿ, ಸರಿ. ಆದರೆ ಅದರ ಜಾಗಕ್ಕೆ ಅಂಟು ಏನೂ ಹಾಕಲಿಲ್ಲ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಅದು ಹೆಪ್ಪುಗಟ್ಟಿ ಉಂಡೆಯನ್ನು ಹಿಡಿದಿಡುತ್ತದೆ. ಉಡುಪಿಯಲ್ಲಿ ಅದು ವರ್ಷವಿಡೀ ಹೆಚ್ಚುಕಡಿಮೆ ಎಣ್ಣೆಯೇ. ಅದರ ಮೇಲೆ ಸಿಲಿಕಾನ್ ಅಚ್ಚು. ಒತ್ತಿದರೆ ಅದೂ ಜೊತೆಗೆ ಬಾಗುತ್ತದೆ, ಪುಡಿಗೆ ಒತ್ತಡ ಬೀಳುವುದೇ ಇಲ್ಲ. ಗಟ್ಟಿ ಪ್ಲಾಸ್ಟಿಕ್‌ನ ಮೋದಕದ ಅಚ್ಚು ಮನೆಯಲ್ಲಿದೆಯಾ? ಇದಕ್ಕೆ ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಎರಡು ಹೋಳು ಸೇರುತ್ತದೆ, ತಳದಿಂದ ಹೆಬ್ಬೆರಳಿನಲ್ಲಿ ಗಟ್ಟಿಯಾಗಿ ತುಂಬಬಹುದು. ಆ ಅಚ್ಚನ್ನು ಆಮೇಲೆ ಚೌತಿಗೆ ಬಳಸಬೇಡಿ, ಪರಿಮಳದ ಎಣ್ಣೆ ಪ್ಲಾಸ್ಟಿಕ್‌ನಿಂದ ಹೋಗುವುದಿಲ್ಲ.

ಅಂಟಿಗೆ ಏನು ಮಾಡುವುದು? ಬೇರೆ ದೇಶದವರು ಕೋಕೋ ಬೆಣ್ಣೆ ಹಾಕುತ್ತಾರೆ. ನಿಮಗೆ ಅಷ್ಟು ದೂರ ಹೋಗುವ ಕೆಲಸ ಇಲ್ಲ. ಪುನರ್ಪುಳಿ ಬೀಜದಿಂದ ತೆಗೆಯುವ ಮುರುಗಲು ತುಪ್ಪ ಇದೆಯಲ್ಲ, ಶಿರಸಿ ಕಡೆಯವರು ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವುದು, ಅದು ಸಾಕು. ಮೈ ಬಿಸಿಗಿಂತ ತುಸು ಮೇಲೆ ಹೋದರಷ್ಟೇ ಅದು ಕರಗುವುದು. ಹಾಗಾಗಿ ಕರಾವಳಿಯ ಸೆಕೆಯಲ್ಲೂ ಗಟ್ಟಿಯಾಗಿಯೇ ಇರುತ್ತದೆ. ಒಂದು ತೊಟ್ಟು ನೀರಿಲ್ಲದೆ ಉಂಡೆ ಕಟ್ಟಬಹುದು.

ಅಳತೆಗೆ ಬರುವ ಮುಂಚೆ ಗಾತ್ರದ ಮಾತು. ಬಾತ್ ಬಾಂಬ್ ಹುಟ್ಟಿದ್ದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, 1989ರಲ್ಲಿ. ಮುಂದೆ ಲಷ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದ ಮೋ ಕಾನ್‌ಸ್ಟಂಟೈನ್ ಅವರು ಮನೆಯ ಶೆಡ್ಡಿನಲ್ಲಿ ಮಾಡಿದ್ದು. ನೀರಿಗೆ ಹಾಕಿದರೆ ನೊರೆಯೇಳುವ ಆಲ್ಕಾ ಸೆಲ್ಟ್ಜರ್ ಮಾತ್ರೆ ನೋಡಿ ಹೊಳೆದ ಉಪಾಯ. ಅಲ್ಲಿ ಸ್ನಾನ ಅಂದರೆ ಟಬ್ಬು ತುಂಬಿಸಿ ಒಳಗೆ ಮಲಗುವುದು. 100ರಿಂದ 150 ಲೀಟರ್ ನೀರಿಗೆ ಕಿತ್ತಳೆ ಗಾತ್ರದ ಒಂದು ಉಂಡೆ. ನಿಮ್ಮ ಬಕೆಟ್ 15 ಲೀಟರ್. ಅದೇ ಉಂಡೆಯನ್ನು ಇದಕ್ಕೆ ಹಾಕಿದರೆ ಸೋಡಾವೂ ಎಣ್ಣೆಯೂ ಏಳರಿಂದ ಹತ್ತು ಪಟ್ಟು ಗಟ್ಟಿಯಾಗಿ ಮೈಗೆ ಬೀಳುತ್ತದೆ. ಬಕೆಟ್‌ಗೆ 20 ಗ್ರಾಂ ಉಂಡೆ ಸಾಕು. ದೊಡ್ಡ ನೆಲ್ಲಿಕಾಯಿಯಷ್ಟು.

ನನ್ನ ಮಳೆಗಾಲದ ಅಳತೆ ಇದು. ಅಡುಗೆ ಸೋಡಾ 200 ಗ್ರಾಂ, ನಿಂಬೆ ಉಪ್ಪು 100 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಮುರುಗಲು ತುಪ್ಪ 20 ಗ್ರಾಂ, ಪರಿಮಳದ ಎಣ್ಣೆ 2 ಮಿಲಿ. ಸುಮಾರು 18 ಉಂಡೆ ಬರುತ್ತದೆ. ಕಪ್ ಬಿಟ್ಟು ತಕ್ಕಡಿ ಹಿಡಿಯಿರಿ. ನುಣ್ಣಗಿನ ಪುಡಿ ಒಂದು ಕಪ್ಪಿನಲ್ಲಿ ಒಂದು ತೂಕ, ದಪ್ಪ ಹರಳು ಇನ್ನೊಂದು ತೂಕ ತೂಗುತ್ತದೆ. 100 ಗ್ರಾಂ ನಿಂಬೆ ಉಪ್ಪು ಮುಗಿಸುವುದು 131 ಗ್ರಾಂ ಸೋಡಾವನ್ನು ಮಾತ್ರ. ಮಿಕ್ಕ ಸೋಡಾ ನೀರಿನಲ್ಲಿ ಉಳಿಯುತ್ತದೆ. ಬೇಕಂತಲೇ ಹಾಗೆ ಇಟ್ಟಿದ್ದೇನೆ. ಹುಳಿ ಉಳಿದರೆ ಗೀರಿದ ಕಡೆಯೆಲ್ಲ ಚುರುಗುಟ್ಟುತ್ತದೆ. ಸೋಡಾ ಸ್ವಲ್ಪ ಉಳಿದರೆ ನೀರು ನುಣುಪಾಗುತ್ತದೆ, ಅಷ್ಟೇ.

ಸೋಡಾ ಒಣಗಲಿ ಅಂತ ಬಾಣಲೆಯಲ್ಲಿ ಹುರಿಯುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಗೆ ಅಡುಗೆ ಸೋಡಾ ಒಡೆದು ವಾಷಿಂಗ್ ಸೋಡಾ ಆಗುತ್ತಾ ಹೋಗುತ್ತದೆ. ಬಟ್ಟೆಯ ಕೊಳೆಗೆ ಅದು ಸರಿ, ಮೈಗೆ ಉರಿ. ಹೊಸ ಪೊಟ್ಟಣ ಒಡೆಯಿರಿ, ಮುಗಿಯಿತು.

ಮಾಡುವ ದಿನ ಮಳೆ ಬಿಟ್ಟಿರಲಿ. ಎಸಿ ಇರುವ ಕೋಣೆ ಇದ್ದರೆ ಬಾಗಿಲು ಹಾಕಿ ಒಂದು ಗಂಟೆ ಓಡಿಸಿ, ಅದು ಗಾಳಿಯ ನೀರನ್ನು ಹೊರಗೆ ಹಾಕುತ್ತದೆ. ನಿಂಬೆ ಉಪ್ಪನ್ನು ಒಣ ಮಿಕ್ಸಿ ಜಾರಿನಲ್ಲಿ ಒಂದು ಸುತ್ತು ತಿರುಗಿಸಿ. ಮುಚ್ಚಳವನ್ನು ತಕ್ಷಣ ತೆಗೆಯಬೇಡಿ. ಆ ದೂಳು ಮೂಗಿಗೆ ಹೋದರೆ ಮೆಣಸಿನಪುಡಿಗಿಂತ ಕಡಿಮೆಯೇನಲ್ಲ. ಮಾಸ್ಕ್ ಹಾಕಿ, ಕೈಗೆ ಗ್ಲೌಸ್ ಹಾಕಿ. ಬೆವರಿದ ಕೈಯೂ ನೀರೇ. ಪುಡಿಗಳನ್ನೆಲ್ಲ ಜರಡಿ ಹಿಡಿದು ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ಬೆರೆಸಿ. ತುಪ್ಪ ಕರಗಿಸಿ, ಪರಿಮಳ ಸೇರಿಸಿ, ಸಣ್ಣ ಧಾರೆಯಾಗಿ ಹಾಕುತ್ತಾ ಬೆರಳ ತುದಿಯಲ್ಲಿ ಉಜ್ಜಿ.

ಹದ ಯಾವಾಗ ಬಂತು ಅಂತ ತಿಳಿಯಲು ಪುಟ್ಟಿನ ಹಿಟ್ಟು ನೆನಪಿಸಿಕೊಳ್ಳಿ. ಮುಷ್ಟಿ ಕಟ್ಟಿದರೆ ನಿಲ್ಲಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಇದೂ ಹಾಗೇ. ನಿಲ್ಲದಿದ್ದರೆ ಅರ್ಧ ಚಮಚ ತುಪ್ಪ ಹೆಚ್ಚಿಸಿ. ಇಲ್ಲವೇ 99 ಪರ್ಸೆಂಟಿನ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ಪ್ರೇ ಬಾಟಲಿಗೆ ಹಾಕಿ ಎರಡು ಸಲ ಸಿಂಪಡಿಸಿ. ಸೋಡಾ ಎಚ್ಚರವಾಗದೆ ಅದು ಆರಿಹೋಗುತ್ತದೆ. ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ, ಹಾಗಾಗಿ ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಬೇಡ. ಕಲಸುವಾಗ ಪಾತ್ರೆ ಇದ್ದಕ್ಕಿದ್ದ ಹಾಗೆ ತಣ್ಣಗಾದರೆ ಎಲ್ಲೋ ನೀರು ಸೇರಿದೆ. ಸೋಡಾ ಮತ್ತು ಹುಳಿ ಸೇರುವಾಗ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತವೆ. ಬುಸ್ ಅನ್ನುವ ಸದ್ದಿಗಿಂತ ಮುಂಚೆ ಕೈಗೆ ಗೊತ್ತಾಗುತ್ತದೆ.

ಅಚ್ಚಿನಿಂದ ಬಿಡಿಸಿದ ಉಂಡೆಗಳನ್ನು ತಟ್ಟೆಯ ಮೇಲೆ ಹರಡಿ ಅದೇ ಎಸಿ ಕೋಣೆಯಲ್ಲಿ ಅರ್ಧ ದಿನ ಬಿಡಿ. ಎಸಿ ಇಲ್ಲದಿದ್ದರೆ ಅಗಲ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳನ್ನು ತಳಕ್ಕೆ ಹಾಕಿ, ಮುಚ್ಚಳವನ್ನು ಬಿಗಿಯದೆ ಸುಮ್ನೆ ಮೇಲಿಡಿ. ಫ್ರಿಜ್ ಬೇಡ, ಹೊರಗೆ ತೆಗೆದ ಕೂಡಲೇ ಮೈತುಂಬ ನೀರಹನಿ ಕೂರುತ್ತದೆ. ಹಳೇ ಮನೆಯ ಒಲೆಯ ಮೇಲಿನ ಅಟ್ಟ ಒಣಗಿಸಲು ಪಸಂದಾದ ಜಾಗ. ಆದರೆ ಮಲ್ಲಿಗೆಯ ಬದಲು ಹೊಗೆಯ ಪರಿಮಳ ಬರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತೇವ ಇರುವ ಉಂಡೆಯನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಬೇಡಿ. 100 ಗ್ರಾಂ ಸೋಡಾ ಪೂರ್ತಿ ಕೆಲಸ ಮಾಡಿದರೆ ಹೊರಬರುವ ಅನಿಲ 28 ಲೀಟರಿಗೂ ಹೆಚ್ಚು. ಅಂದರೆ ಎರಡು ಬಕೆಟ್ಟಿನ ಹತ್ತಿರ. ಗಾಜು ಅದನ್ನು ತಡೆಯುವುದಿಲ್ಲ. ಉಡುಗೊರೆ ಕೊಡುವಾಗ ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿ ಜಿಪ್ ಕವರಿಗೆ ಹಾಕಿ. ಉಬ್ಬಿದರೂ ಕವರು ಉಬ್ಬುತ್ತದೆ, ಅಷ್ಟೇ.

ಇನ್ನು ಪರಿಮಳ. ನೀವು ಹಾಕಿದ್ದು ಬಹುಶಃ ತಲೆಗೆ ಹಚ್ಚುವ ಮಲ್ಲಿಗೆ ಎಣ್ಣೆ. ಅದರಲ್ಲಿ ಮುಕ್ಕಾಲುವಾಸಿ ಬರೀ ಎಣ್ಣೆ, ಮೇಲೊಂದಿಷ್ಟು ಸೆಂಟು. ಮಲ್ಲಿಗೆಯದ್ದೇ ಒಂದು ಗೋಳು. ಮಜ್ಜಿಗೆಹುಲ್ಲು, ನೀಲಗಿರಿಯ ಹಾಗೆ ಅದನ್ನು ಹಬೆಯಲ್ಲಿ ಭಟ್ಟಿ ಇಳಿಸಲು ಆಗುವುದಿಲ್ಲ, ಬಿಸಿಗೆ ಪರಿಮಳ ಕೆಡುತ್ತದೆ. ದ್ರಾವಕದಲ್ಲಿ ನೆನೆಸಿ ತೆಗೆಯುತ್ತಾರೆ. ರಾಶಿ ರಾಶಿ ಹೂವಿಗೆ ಚಿಟಿಕೆಯಷ್ಟು ಸಿಗುತ್ತದೆ, ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ. ನೂರಿನ್ನೂರು ರೂಪಾಯಿಗೆ ಸಿಗುವ "ಶುದ್ಧ ಮಲ್ಲಿಗೆ" ಮಲ್ಲಿಗೆಯಲ್ಲ. ಶಂಕರಪುರದ ಮಲ್ಲಿಗೆ ಅಟ್ಟಿ ಮನೆ ಬಾಗಿಲಿಗೇ ಬರುವ ಊರಿನವರಿಗೆ ಇದನ್ನು ಹೇಳಲು ನನಗೂ ಕಷ್ಟ. ಮಲ್ಲಿಗೆಯೇ ಬೇಕಾದರೆ ಸೋಪು ಮಾಡುವವರಿಗೆ ಅಂತ ಮಾರುವ, ಚರ್ಮಕ್ಕೆ ಆಗುವ ಫ್ರಾಗ್ರೆನ್ಸ್ ಎಣ್ಣೆ ತಗೊಳ್ಳಿ. ಅದು ತಯಾರಿಸಿದ ಪರಿಮಳ. ಅದರಲ್ಲಿ ನಾಚಿಕೆ ಏನಿಲ್ಲ.

ನನ್ನನ್ನು ಕೇಳಿದರೆ ಲಾವಂಚ. ಕಿತ್ತಳೆ, ನಿಂಬೆಯಂಥ ಹಗುರ ಪರಿಮಳಗಳು ಉಂಡೆ ಒಣಗುವಾಗಲೇ ಅರ್ಧ ಹಾರಿಹೋಗುತ್ತವೆ. ಲಾವಂಚ, ಗಂಧ ಭಾರದವು, ತಿಂಗಳು ಕಳೆದರೂ ಕೂತಿರುತ್ತವೆ. ನಿಜವಾದ ಶ್ರೀಗಂಧದ ಎಣ್ಣೆಯನ್ನು ನೀರಿಗೆ ಕರಗಿಸಿ ಮೋರಿಗೆ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಮುಕ್ಕಾಲು ಲಾವಂಚ, ಕಾಲು ಮಜ್ಜಿಗೆಹುಲ್ಲು ಬೆರೆಸಿದರೆ ಮೊದಲ ಮಳೆಯ ಮಣ್ಣಿಗೆ ಹತ್ತಿರದ ವಾಸನೆ. ದಾಲ್ಚಿನ್ನಿ, ಲವಂಗದ ಎಣ್ಣೆ ಮಾತ್ರ ಬೇಡ, ಎರಡೂ ಚರ್ಮ ಉರಿಸುತ್ತವೆ. ಒತ್ತಿ ತೆಗೆದ ನಿಂಬೆ ಸಿಪ್ಪೆಯ ಎಣ್ಣೆ ಮೈಮೇಲೆ ಉಳಿದು ಬಿಸಿಲಿಗೆ ಹೋದರೆ ಕಪ್ಪು ಕಲೆ ಬೀಳಬಹುದು. 2 ಮಿಲಿಗಿಂತ ಜಾಸ್ತಿ ಹಾಕುವ ಆಸೆ ಬರುತ್ತದೆ, ತಡೆದುಕೊಳ್ಳಿ. ಎಣ್ಣೆ ನೀರಿಗೆ ಬೆರೆಯುವುದಿಲ್ಲ, ಮೇಲೆ ತೇಲುತ್ತಾ ಮಗ್ಗಿನಲ್ಲಿ ಮೊಗೆದಾಗ ಹಾಗೇ ಮೈಗೆ ಬೀಳುತ್ತದೆ. ಪಾಲಿಸಾರ್ಬೇಟ್ 80 ಸಿಕ್ಕರೆ ಪರಿಮಳದಷ್ಟೇ ಅಳತೆ ಸೇರಿಸಿ, ಅದು ಎಣ್ಣೆಯನ್ನು ನೀರಿನಲ್ಲಿ ಹರಡಿಸುತ್ತದೆ.

ಬಣ್ಣ ನೀವು ಕೇಳಿಲ್ಲ, ಆದರೂ ಒಂದು ಮಾತು. ಅರಿಶಿನ ಹಾಕಲು ಹೋಗಬೇಡಿ. ಸುಣ್ಣ ಸೇರಿದರೆ ಅರಿಶಿನ ಓಕುಳಿಯಾಗುವುದು ಗೊತ್ತಲ್ಲ, ಸೋಡಾಕ್ಕೂ ಅದು ಕೆಂಪಡರುತ್ತದೆ. ಟವೆಲ್ಲಿನ ಕಲೆ ನೋಡಿ ಮನೆಯವರ ಮುಖವೂ ಹಾಗೇ ಆಗುತ್ತದೆ. ರಂಗೋಲಿ ಬಣ್ಣ, ಹೋಳಿ ಬಣ್ಣ ಮೈಗೆ ಆಗದವು. ಬಿಳಿ ಉಂಡೆಯೇ ಚಂದ. ಹೂವಿನ ಎಸಳೂ ಬೇಡ, ಬೂಸ್ಟು ಹಿಡಿಯುತ್ತದೆ, ಮೋರಿ ಕಟ್ಟುತ್ತದೆ.

ಬಳಸುವುದು ಹೀಗೆ. ಮೊದಲು ಸೋಪು ಹಚ್ಚಿ ಸ್ನಾನ ಮುಗಿಸಿ. ಕೊನೆಗೆ ಬಿಸಿನೀರಿನ ಬಕೆಟ್‌ಗೆ ಉಂಡೆ ಹಾಕಿ, ಪೂರ್ತಿ ಕರಗಲು ಬಿಟ್ಟು ಕುತ್ತಿಗೆಯಿಂದ ಕೆಳಗೆ ಹುಯ್ದುಕೊಳ್ಳಿ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಪರಿಮಳ ಟಬ್ಬಿಗಿಂತ ಚೆನ್ನಾಗಿಯೇ ತುಂಬುತ್ತದೆ. ಟಬ್ ಇಲ್ಲ ಅಂತ ಕೊರಗಬೇಡಿ. ಆದರೆ ನೆಲಕ್ಕೆ ತುಪ್ಪ ಬಿದ್ದಿರುತ್ತದೆ. ಮುಂದೆ ಸ್ನಾನಕ್ಕೆ ಹೋಗುವವರು ಅಜ್ಜ ಅಜ್ಜಿಯಾದರೆ ಮೊದಲು ಬಿಸಿನೀರು ಸುರಿದು ಬ್ರಷ್ ಹಾಕಿ ಉಜ್ಜಿ.

ಸೀಮಂತದ ಹುಡುಗಿಗೆ ಕೊಡುವ ಉಂಡೆಗೆ ಪರಿಮಳ ಹಾಕಬೇಡಿ. ಬೇಕೇ ಬೇಕು ಅಂದರೆ ಅವಳ ಡಾಕ್ಟರನ್ನು ಕೇಳಿ ಹಾಕಿ. ಪುಟ್ಟ ಮಕ್ಕಳಿಗೆ ಇದು ಬೇಡ, ಚರ್ಮದ ತೊಂದರೆ ಇರುವವರಿಗೂ ಬೇಡ. ಮತ್ತೆ, ಮೋದಕದ ಆಕಾರದ ಬಿಳಿ ಉಂಡೆ ಸೀಮಂತದ ಮನೆಯಲ್ಲಿ ತಟ್ಟೆಯಲ್ಲಿದ್ದರೆ ಮಕ್ಕಳು ಬಾಯಿಗೆ ಹಾಕಿಕೊಳ್ಳದೆ ಇರುತ್ತಾರಾ? ಮಕ್ಕಳೇ ಏಕೆ, ಗಡಿಬಿಡಿಯಲ್ಲಿ ದೊಡ್ಡವರೂ ಹಾಕಿಕೊಂಡಾರು. ಪ್ರತಿ ಕವರಿನ ಮೇಲೆ "ಸ್ನಾನಕ್ಕೆ, ತಿನ್ನಲು ಅಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಇಷ್ಟೆಲ್ಲ ಮಾಡಿದರೂ ಆ ವಾರ ಮಳೆ ಬಿಡದಿದ್ದರೆ ಉಂಡೆ ಕಟ್ಟುವ ಹಟವನ್ನೇ ಬಿಟ್ಟುಬಿಡಿ. ಎರಡು ಸಣ್ಣ ಡಬ್ಬ ತಗೊಳ್ಳಿ. ಒಂದರಲ್ಲಿ ಸೋಡಾ, ಕಾರ್ನ್‌ಫ್ಲೋರ್, ಪರಿಮಳ. ಇನ್ನೊಂದರಲ್ಲಿ ನಿಂಬೆ ಉಪ್ಪು. ಬಕೆಟ್‌ಗೆ ಮೊದಲನೆಯದು ಎರಡು ಚಮಚ, ಎರಡನೆಯದು ಒಂದು ಚಮಚ. ಅದೇ ನೊರೆ, ಅದೇ ಪರಿಮಳ. ಬೇರೆಬೇರೆ ಇದ್ದಷ್ಟು ದಿನ ಎಷ್ಟೇ ತೇವ ಬಂದರೂ ಬುಸ್ ಅನ್ನುವುದಿಲ್ಲ. ಮನೆ ಬಳಕೆಗೆ ನಾನು ಇದನ್ನೇ ಇಟ್ಟುಕೊಂಡಿರುವುದು, ಉಂಡೆ ಕಟ್ಟುವುದು ಕೊಡುವುದಕ್ಕೆ ಮಾತ್ರ.

ಮಾರುವ ವಿಷಯ. ಪರಿಚಯದವರಿಗೆ ಉಡುಗೊರೆ ಕೊಡುವುದು ಬೇರೆ, ದುಡ್ಡಿಗೆ ಕೊಡುವುದು ಬೇರೆ. ಬಾತ್ ಬಾಂಬ್ ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತದೆ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸಲು ಲೈಸೆನ್ಸ್ ಬೇಕು. ರಾಜ್ಯದ ಔಷಧ ನಿಯಂತ್ರಣ ಇಲಾಖೆಯಲ್ಲಿ ವಿಚಾರಿಸಿ. ಏನೇನು ಹಾಕಿದೆ, ಯಾವ ಬ್ಯಾಚು, ಎಷ್ಟು ದಿನ ಬಳಸಬಹುದು ಎಲ್ಲ ಚೀಟಿಯ ಮೇಲೆ ಬರಬೇಕು. ಮೊದಲು ಒಂದು ಮಳೆಗಾಲ ದಾಟಿ ಉಳಿಯುವ ಉಂಡೆ ಮಾಡಿ, ಆಮೇಲೆ ಅರ್ಜಿ.

ಹೂಕೋಸುಗಳನ್ನು ಎಸೆದಿಲ್ಲ ತಾನೆ? ಅವುಗಳಲ್ಲಿ ಇನ್ನೂ ಸ್ವಲ್ಪ ಜೀವ ಇರುತ್ತದೆ. ಪುಡಿ ಮಾಡಿ ರಾತ್ರಿ ಅಡುಗೆಮನೆಯ ಸಿಂಕಿನ ತೂತಿಗೆ ಹಾಕಿ, ಮೇಲೆ ಒಂದು ಚೊಂಬು ಬಿಸಿನೀರು ಹುಯ್ಯಿರಿ. ನೊರೆ ಇಳಿದ ಮೇಲೆ ಹಳೇ ಬ್ರಷ್‌ನಲ್ಲಿ ಉಜ್ಜಿದರೆ ಜಿಡ್ಡು ಬಿಡುತ್ತದೆ. ಸ್ನಾನದಲ್ಲಿ ಬಾರದ ಮಲ್ಲಿಗೆ ಪರಿಮಳ ಸಿಂಕಿನಲ್ಲಾದರೂ ಬಂದೀತು.